ಆ 2,373 ಯಾವ ಗುಂಡಿನದ್ದೂ ಅಲ್ಲ

2,641. 2,655. 1,148. 2,648. ಎರರ್. 2,771.

ಗುಂಡಿನ ವೇಗ ಅಳೆಯುವ ಡಬ್ಬಿ, ಅಂದರೆ ಕ್ರೋನೋಗ್ರಾಫ್, ಸೆಕೆಂಡಿಗೆ ಇಷ್ಟಿಷ್ಟು ಅಡಿ ಅಂತ ತೋರಿಸಿದ ಈ ನಂಬರ್‌ಗಳ ಒಂದು ಫೋಟೋ ವಾಟ್ಸಾಪ್‌ನಲ್ಲಿ ಬಂತು. ಕೆಳಗೆ ಒಂದು ಮೆಸೇಜ್: "ಅಕ್ಕಾ, ಆವರೇಜ್ 2,373 ಬರ್ತಿದೆ. ಪುಸ್ತಕದಲ್ಲಿ ಈ ಲೋಡ್‌ಗೆ 2,600ರ ಮೇಲೆ ಅಂತ ಇದೆ. ಅರ್ಧ ಗ್ರೇನ್ ಪೌಡರ್ ಜಾಸ್ತಿ ಮಾಡ್ಲಾ?"

ಲೋಡ್ ಅಂದರೆ ತೋಟಾಕ್ಕೆ ತುಂಬುವ ಪೌಡರ್‌ನ ಅಳತೆ, ಪುಸ್ತಕ ಅಂದರೆ ಅದರ ಕೈಪಿಡಿ. ಟೈಪ್ ಮಾಡುತ್ತಾ ಕೂರುವ ವಿಷಯ ಅಲ್ಲ ಇದು. ಸೀದಾ ಫೋನ್ ಮಾಡಿ, "ಒಂದು ಕಾಳು ಪೌಡರ್ ಕೂಡ ಜಾಸ್ತಿ ಹಾಕಬೇಡ ಮಾರಾಯ. ಆ 2,373 ಯಾವ ಗುಂಡಿನದ್ದೂ ಅಲ್ಲ" ಅಂದೆ.

ಹುಡುಗ ದಾವಣಗೆರೆಯವನು. ಹುಡುಗ ಅಂತ ನಾನು ಕರೆಯೋದು ಅಷ್ಟೆ, ಎರಡು ಮಕ್ಕಳ ಅಪ್ಪ. ಇಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿದ್ದಾನೆ. ಅಮೆರಿಕದ ಪೌರತ್ವ ಸಿಕ್ಕಿದ ಮೇಲೆ .308 (ಗುಂಡಿನ ವ್ಯಾಸ 0.308 ಇಂಚು) ರೈಫಲ್ ಕೊಂಡ. 24 ಇಂಚಿನ ದಪ್ಪ ಬ್ಯಾರೆಲ್ಲಿನದು. ಆಮೇಲೆ ಎಲ್ಲರಿಗೂ ಹಿಡಿಯುವ ಹುಚ್ಚು ಅವನಿಗೂ ಹಿಡಿಯಿತು. ಗ್ಯಾರೇಜಿನಲ್ಲಿ ಕೂತು ತೋಟಾ ತಾನೇ ತುಂಬೋದು. ಹಳೇ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಪೌಡರ್ ತೂಗಿ ಹಾಕಿ, ಮೇಲೆ ಗುಂಡು ಒತ್ತೋದು. ತೂಕವೆಲ್ಲ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಅರ್ಧ ಗ್ರೇನ್ ಅಂದರೆ ಉಪ್ಪಿನ ಚಿಟಿಕೆಗಿಂತ ಕಮ್ಮಿ. ಆದರೆ ಅವನ ಲೋಡ್ ಆಗಲೇ ಪುಸ್ತಕದ ಗರಿಷ್ಠದ ಹತ್ತಿರ ಇತ್ತು. .308ಕ್ಕೆ ಹಾಕಿಕೊಟ್ಟಿರುವ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಅದು ನಡೆಯೋದು ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ. ಸುಮ್ನೆ ಆಟ ಆಡುವ ಜಾಗ ಅಲ್ಲ.

ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ನಾನು ಸೋಮವಾರಪೇಟೆ ಕಡೆಯವಳು. ನಮ್ಮ ಜಿಲ್ಲೆಯಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತೆ. ಅಲ್ಲಿ ಯಾರೂ ಗುಂಡಿನ ವೇಗ ಅಳೆಯಲ್ಲ, ಕಾಯಿ ಒಡೆದರೆ ಆಯಿತು. ಅಳೆಯುವ ಚಟ ನನಗೆ ಬಂದಿದ್ದು ಕೆಲಸದಿಂದ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು. ಬೆಳಿಗ್ಗೆ ಹೋದ ತಕ್ಷಣ ರೋಗಿಯ ರಕ್ತ ಮುಟ್ಟೋದಿಲ್ಲ. ಮೊದಲು ಕಂಟ್ರೋಲ್ ಹಾಕುತ್ತೇವೆ. ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಒಂದು ಕೆಳಗಿನ ಮಟ್ಟದ್ದು, ಒಂದು ಮೇಲಿನ ಮಟ್ಟದ್ದು. ಎರಡೂ ಸರಿ ಬಂದರೆ ಮಾತ್ರ ಮುಂದಿನ ಕೆಲಸ.

ಈಗ ಆ ಡಬ್ಬಿಗೆ ಬರೋಣ.

ಹುಡುಗನ ಹತ್ತಿರ ಇರೋದು ಬೆಳಕಿನ ಕ್ರೋನೋಗ್ರಾಫ್. ಟ್ರೈಪಾಡ್ ಮೇಲೆ ಕೂರುತ್ತೆ. ಎರಡು ಸೆನ್ಸರ್, ನಡುವೆ 2 ಅಡಿ. ಸೆನ್ಸರ್ ಮೇಲಕ್ಕೆ ಆಕಾಶ ನೋಡುತ್ತಿರುತ್ತೆ. ಮೇಲೆ ಗುಂಡು ಹಾದಾಗ ಕ್ಷಣಕ್ಕೆ ನೆರಳು ಬೀಳುತ್ತೆ. ಮೊದಲನೇ ನೆರಳಿಗೆ ಗಡಿಯಾರ ಶುರು, ಎರಡನೇ ನೆರಳಿಗೆ ಬಂದ್. ಡಬ್ಬಿಗೆ ಗುಂಡೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಎರಡು ಸಲ ಬೆಳಕು ಕಮ್ಮಿಯಾಯಿತು, ನಡುವೆ ಇಷ್ಟು ಹೊತ್ತು, ಅಷ್ಟೇ ಅದಕ್ಕೆ ಗೊತ್ತಿರೋದು. ಮಿಕ್ಕಿದ್ದು ಭಾಗಾಕಾರ.

ಸೆಕೆಂಡಿಗೆ 2,650 ಅಡಿ ಹೋಗುವ ಗುಂಡು ಆ 2 ಅಡಿ ದಾಟೋದಕ್ಕೆ 755 ಮೈಕ್ರೋಸೆಕೆಂಡ್ ತಗೊಳ್ಳುತ್ತೆ. ಅದರಲ್ಲಿ 10 ಮೈಕ್ರೋಸೆಕೆಂಡ್ ಆಚೀಚೆ ಆದರೆ ಉತ್ತರದಲ್ಲಿ 35 ಅಡಿ ಆಚೀಚೆ. ಹಾಗಾಗಿ ಆ ಎರಡು ನೆರಳು ಯಾವುದರದ್ದು ಅನ್ನೋದೇ ಇಲ್ಲಿ ಪ್ರಶ್ನೆ.

ಮೊದಲು 1,148 ನೋಡಿ. ಆ ಬೆಳಿಗ್ಗೆ ಬಿಸಿಲು 30 ಡಿಗ್ರಿ ದಾಟಿತ್ತು. ಅಷ್ಟು ಬಿಸಿಯಲ್ಲಿ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ 1,145 ಅಡಿ ಆಸುಪಾಸು ಓಡುತ್ತೆ. ಕಾಕತಾಳೀಯ ಅಲ್ಲ ಅದು. ಯಾವುದೋ ಕಾರಣಕ್ಕೆ ಗುಂಡಿನ ನೆರಳು ಡಬ್ಬಿಗೆ ಕಾಣಲಿಲ್ಲ. ಹಿಂದೆಯೇ ಬಂದ ಢಂ ಅನ್ನುವ ಒತ್ತಡದ ಅಲೆ ಎರಡೂ ಸೆನ್ಸರ್ ದಾಟಿಕೊಂಡು ಹೋಯಿತು. ಡಬ್ಬಿ ನಿಯತ್ತಾಗಿ ಆ ಸದ್ದಿನ ವೇಗ ಅಳೆದು ಕೊಟ್ಟಿದೆ. ರೈಫಲ್ ಟೆಸ್ಟ್ ಮಾಡುವಾಗ 1,100ರಿಂದ 1,200ರ ಒಳಗೆ ಒಂದು ಒಂಟಿ ನಂಬರ್ ಬಂದರೆ ತೋಟಾವನ್ನು ಬೈಯೋ ಮುಂಚೆ ಇದನ್ನು ನೆನಪು ಮಾಡಿಕೊಳ್ಳಿ.

"ಡಬ್ಬಿ ನಳಿಗೆಯಿಂದ ಎಷ್ಟು ದೂರ ಇಟ್ಟಿದ್ದೆ?"

"ಆರಡಿ ಇರಬಹುದು ಅಕ್ಕ. ಪದೇ ಪದೇ ಸೀಸ್‌ಫೈರ್ ಕೇಳೋಕೆ ಬೇಜಾರು."

ಸೀಸ್‌ಫೈರ್ ಅಂದರೆ ಮುಂದೆ ಹೋಗಿ ಬರೋಕೆ ಎಲ್ಲರೂ ಹೊಡೆಯೋದು ನಿಲ್ಲಿಸೋದು. ಆರಡಿ ಸಾಲದು. 10ರಿಂದ 15 ಅಡಿ ದೂರ ಬೇಕು. ನಳಿಗೆಯ ಬಾಯಿಂದ ಗುಂಡಿನ ಜೊತೆ ಬಿಸಿ ಗ್ಯಾಸ್ ಬರುತ್ತೆ, ಉರಿಯದೆ ಉಳಿದ ಪೌಡರ್ ಕಾಳು ಬರುತ್ತೆ. ಮೊದಲ ಕೆಲವು ಅಡಿ ಆ ಗ್ಯಾಸ್ ಗುಂಡಿಗಿಂತ ಮುಂದೆಯೇ ಇರುತ್ತೆ. ಅದು ಮೊದಲನೇ ಸೆನ್ಸರ್ ಅನ್ನು ಬೇಗ ಎಬ್ಬಿಸಿಬಿಟ್ಟರೆ ಗಡಿಯಾರ ಮೊದಲೇ ಶುರು, ವೇಗ ಕಮ್ಮಿ ಅಂತ ಬರುತ್ತೆ. ಮಜಲ್ ಬ್ರೇಕ್ (ಒದೆತ ತಗ್ಗಿಸೋಕೆ ನಳಿಗೆಯ ಬಾಯಿಗೆ ಹಾಕುವ ಭಾಗ) ಹಾಕಿದವರಿಗೆ ಈ ಕಾಟ ಇನ್ನೂ ಜಾಸ್ತಿ.

ನನಗೆ ಸಿಟ್ಟು ಬಂದಿದ್ದು ಡಬ್ಬಿಯ ಮೇಲಲ್ಲ, ಆವರೇಜ್ ಮೇಲೆ. 1,148 ಸೇರಿಸಿ ಐದರ ಸರಾಸರಿ ತೆಗೆದರೆ 2,373. ಅದನ್ನು ನೋಡಿದವನಿಗೆ ಲೋಡ್ ಸಪ್ಪೆ ಅನ್ನಿಸುತ್ತೆ, ಪೌಡರ್ ಏರಿಸೋಣ ಅನ್ನಿಸುತ್ತೆ. ಏರಿಸಿ ಮತ್ತೆ ಹೊಡೆದಾಗ ಇನ್ನೊಂದು ಸದ್ದು ಲೆಕ್ಕಕ್ಕೆ ಬಿದ್ದರೆ ಮತ್ತೆ ಏರಿಸುತ್ತಾನೆ. ಜಾಸ್ತಿ ತೋರಿಸುವ ತಪ್ಪು ನಂಬರ್ ನೋಡಿ ಮನುಷ್ಯ ಹೆದರಿ ನಿಲ್ಲುತ್ತಾನೆ, ಅದು ಒಳ್ಳೇದೇ. ಕಮ್ಮಿ ತೋರಿಸುವ ತಪ್ಪು ನಂಬರ್ ಮುಂದಕ್ಕೆ ತಳ್ಳುತ್ತೆ. ಐದನ್ನೂ ಸಾಲಾಗಿ ಜೋಡಿಸಿ ನಡುವಿನದ್ದು ನೋಡಿದ್ದರೆ 2,648. ಅಲ್ಲಿಗೆ ಲೋಡ್‌ನಲ್ಲಿ ಏನೂ ಕಮ್ಮಿ ಇರಲಿಲ್ಲ ಅಂತ ಆಯಿತು.

ಶನಿವಾರ ಇಬ್ಬರೂ ಹೋದೆವು. ಊರಿನ ಪಶ್ಚಿಮಕ್ಕೆ, ಗುಡ್ಡದ ಕಡೆ ಒಂದು ರೇಂಜ್. ಈ ಕಡೆ ನೆಲವೆಲ್ಲ ಸುಣ್ಣದ ಕಲ್ಲು. ಹೊಡೆಯುವ ಬೆಂಚಿನ ಮುಂದೆ ಬಿಳಿ ಜಲ್ಲಿ ಹಾಸಿದ್ದಾರೆ. ಕನ್ನಡಕ ಇಲ್ಲದೆ ನೋಡಿದರೆ ಕಣ್ಣು ಚುಚ್ಚುತ್ತೆ. ಈ ಜಲ್ಲಿ ನೆನಪಿರಲಿ.

ಮೊದಲು ಬ್ಯಾಟರಿ. 9 ವೋಲ್ಟಿನದು, ಕಾರಿನಲ್ಲೇ ಇದ್ದು ಬೆಂದು ಹೋಗಿದ್ದು. ಡಿಸ್‌ಪ್ಲೇ ಚೆನ್ನಾಗಿಯೇ ಹೊಳೆಯುತ್ತಿತ್ತು, ಆದರೆ ಅದನ್ನು ನಂಬೋ ಹಾಗಿಲ್ಲ. ಹೊಸದು ಹಾಕಿದೆ. ಡಬ್ಬಿಯನ್ನು 15 ಅಡಿಗೆ ಸರಿಸಿದೆವು. ಗುಂಡಿನ ದಾರಿಗೆ ನೇರವಾಗಿ ಇದೆಯಾ ನೋಡಿದೆವು. ಈ ಓರೆಯ ಬಗ್ಗೆ ಜನ ವಿಪರೀತ ತಲೆ ಕೆಡಿಸಿಕೊಳ್ಳುತ್ತಾರೆ. 5 ಡಿಗ್ರಿ ಓರೆಯಾದರೂ ವ್ಯತ್ಯಾಸ ಸುಮಾರು 10 ಅಡಿ, ಅಷ್ಟೇ. ತಲೆ ಕೆಡಿಸಿಕೊಳ್ಳಬೇಕಾದ್ದು ಎತ್ತರದ ಬಗ್ಗೆ. ಸ್ಕೋಪ್ ನಳಿಗೆಗಿಂತ ಒಂದೂವರೆ, ಎರಡು ಇಂಚು ಮೇಲಿರುತ್ತೆ. ಸ್ಕೋಪಿನಲ್ಲಿ ನೋಡಿದರೆ ಡಬ್ಬಿಯ ಮೇಲೆ ಜಾಗ ಧಾರಾಳ ಇದೆ ಅನ್ನಿಸುತ್ತೆ. ಗುಂಡು ಅದಕ್ಕಿಂತ ಕೆಳಗೆ ಹೋಗುತ್ತೆ. ಎದೆಗೆ ಗುಂಡು ತಿಂದ ಕ್ರೋನೋಗ್ರಾಫ್‌ಗಳ ಫೋಟೋ ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಕಂಟ್ರೋಲ್. ಅವನ ತೋಟಾ ಚೀಲದಿಂದ ಆಚೆ ತೆಗೆಯೋಕೆ ಬಿಡಲಿಲ್ಲ. ಕೆಳಗಿನ ಮಟ್ಟಕ್ಕೆ ನನ್ನ .22 ರೈಫಲ್, ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ. ಕಂಪನಿ ಹೇಳುವ ವೇಗ 1,070. ಮೇಲಿನ ಮಟ್ಟಕ್ಕೆ ಅವನದೇ ರೈಫಲ್, ಆದರೆ ಕಾರ್ಖಾನೆಯ ತೋಟಾ. ಫೆಡರಲ್ ಗೋಲ್ಡ್ ಮೆಡಲ್ ಮ್ಯಾಚ್, 168 ಗ್ರೇನ್ ಗುಂಡು, ಕಂಪನಿಯ ಲೆಕ್ಕ 2,650. .22 ಒಂದೇ ಸಾಲದು ಯಾಕೆ ಅಂದರೆ, 1,070 ಮತ್ತು ಶಬ್ದದ 1,145 ತೀರಾ ಹತ್ತಿರ ಹತ್ತಿರ. ಅಲ್ಲಿ ಗುಂಡು ಯಾವುದು ಸದ್ದು ಯಾವುದು ಅಂತ ಬೇರೆ ಮಾಡೋದು ಕಷ್ಟ.

.22 ತಕ್ಕಮಟ್ಟಿಗೆ ಸರಿ ಬಂತು. ಫೆಡರಲ್ ಹೊಡೆದಾಗ 2,640, 2,649, 2,774.

"ನೋಡಿದ್ಯಾ," ಅಂದೆ. "ಈ ತೋಟಾ ನೀನು ತುಂಬಿದ್ದಲ್ಲ."

ಅವನ ಮುಖ ಸ್ವಲ್ಪ ಗೆಲುವಾಯಿತು.

ಆದರೂ ಬೋಲ್ಟ್, ಅಂದರೆ ತೋಟಾದ ಹಿಂದೆ ಮುಚ್ಚುವ ಹಿಡಿಕೆ, ಎತ್ತುವಾಗ ಬಿಗಿ ಇತ್ತಾ ಕೇಳಿದೆ. ಕೇಸ್ ಕೈಗೆ ತಗೊಂಡು ಪ್ರೈಮರ್ ಚಪ್ಪಟೆಯಾಗಿದೆಯಾ, ತಳದಲ್ಲಿ ಹೊಳೆಯುವ ಗುರುತು ಬಿದ್ದಿದೆಯಾ ನೋಡಿದೆ. ಜಾಸ್ತಿ ವೇಗ ತೋರಿಸಿದಾಗ ಅದು ನಿಜ ಅಂತಲೇ ಹಿಡಿದು ಕೈ ನಿಲ್ಲಿಸಬೇಕು. ಡಬ್ಬಿಯದೇ ತಪ್ಪು ಅಂತ ಆಮೇಲೆ ಗೊತ್ತಾದರೂ ನಷ್ಟ ಇಲ್ಲ. ಈ ಗುರುತುಗಳು ಇಲ್ಲ ಅಂದ ಮಾತ್ರಕ್ಕೆ ಒತ್ತಡ ಕಮ್ಮಿ ಇದೆ ಅಂತಲೂ ಅಲ್ಲ. ಆದರೆ ಕಾರ್ಖಾನೆಯ ತೋಟಾ ಕೂಡ ಅದೇ ತರ ಜಿಗಿದಿದ್ದರಿಂದ ಅನುಮಾನ ಪೂರ್ತಿ ಬೇರೆ ಕಡೆ ತಿರುಗಿತು.

ಆ 2,774 ಎಲ್ಲಿಂದ ಬಂತು? ಇಲ್ಲಿ ಒಂದು ಲೆಕ್ಕ ನನಗೆ ತುಂಬ ಇಷ್ಟ. 168 ಗ್ರೇನ್ ಮ್ಯಾಚ್ ಗುಂಡು ಸುಮಾರು 1.2 ಇಂಚು ಉದ್ದ. ಎರಡೂ ಸೆನ್ಸರ್ ಗುಂಡಿನ ಮೂತಿಯನ್ನೇ ಹಿಡಿದರೆ ಸರಿ. ಇಲ್ಲಾ ಎರಡೂ ಬಾಲ ಹಿಡಿದರೂ ಸರಿ. ಮೊದಲನೇದು ಬಾಲ ಹಿಡಿದು ಎರಡನೇದು ಮೂತಿ ಹಿಡಿದರೆ? ಗಡಿಯಾರ ಓಡಿದ್ದು 24 ಇಂಚಿಗಲ್ಲ, 22.8 ಇಂಚಿಗೆ. ಡಬ್ಬಿ ಮಾತ್ರ 24 ಅಂತಲೇ ಭಾಗ ಮಾಡುತ್ತೆ. 2,650 ಇದ್ದದ್ದು 2,790ರ ತನಕ ಹೋಗಬಹುದು. ಉಲ್ಟಾ ಆದರೆ 2,520ರ ತನಕ ಇಳಿಯಬಹುದು. ಹುಡುಗನ 2,771 ಕೂಡ ಈ ಮಿತಿಯ ಒಳಗೇ ಇದೆ.

ಮೂತಿ ಯಾಕೆ ಕಾಣಲಿಲ್ಲ ಅಂದರೆ ಬೆಳಕು. ಈ ಸೆನ್ಸರ್‌ಗೆ ಬೇಕಾದ್ದು ಬೆಳ್ಳಗಿನ ಆಕಾಶ, ಕಪ್ಪು ಗುಂಡು. ತೆಳು ಮೋಡ ಕವಿದ ದಿನ ಅದಕ್ಕೆ ಹಬ್ಬ. ಬಿಸಿಲಿದ್ದರೆ ಮೇಲೆ ಬಿಳಿ ಪ್ಲಾಸ್ಟಿಕ್ ಚಪ್ಪರ ಹಾಕಬೇಕು. ಅದು ಹಾಕಿಯೇ ಇತ್ತು. ಆದರೆ ಬೆಳಿಗ್ಗೆ ಸೂರ್ಯ ಇನ್ನೂ ಕೆಳಗಿದ್ದಾಗ ಚಪ್ಪರದ ಪಕ್ಕದಿಂದ ಬಿಸಿಲು ನುಗ್ಗುತ್ತೆ. ಕೆಳಗೆ ಬಿಳಿ ಜಲ್ಲಿ. ಅದು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎರಚುತ್ತೆ. ತಾಮ್ರದ ಗುಂಡಿನ ಹೊಟ್ಟೆ ಫಳಫಳ ಹೊಳೆಯುತ್ತೆ. ನೆರಳು ಇರಬೇಕಾದ ಕಡೆ ಹೊಳಪು. ಮೊದಲನೇ ಸೆನ್ಸರ್ ಪಕ್ಕ ಬಿಸಿಲು, ಎರಡನೇದಕ್ಕೆ ಅಷ್ಟು ಇಲ್ಲ. ಒಂದು ಮೂತಿ ನೋಡುತ್ತೆ, ಇನ್ನೊಂದು ಬಾಲ.

ಕಾರಿನಲ್ಲಿ ಒಂದು ಹಳೇ ಕಡುನೀಲಿ ಟವೆಲ್ ಇತ್ತು. ಸೀಸ್‌ಫೈರ್ ಆದಾಗ ಹೋಗಿ ಟ್ರೈಪಾಡ್ ಕೆಳಗೆ ಜಲ್ಲಿಯ ಮೇಲೆ ಹಾಸಿ ಬಂದೆ. ಬಿಸಿಲು ಬರುವ ಪಕ್ಕಕ್ಕೆ ಟಾರ್ಗೆಟ್‌ನ ರಟ್ಟು ಕಟ್ಟೋಣ, ಗುಂಡಿಗೆ ಕಪ್ಪು ಮಾರ್ಕರ್ ಬಳಿಯೋಣ ಅಂತ ಹುಡುಗ ಹೊರಟ. ಬೇಡ ಅಂದೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗಲ್ಲ. ಮೊದಲು ಟವೆಲ್ ಮಾತ್ರ. ಫೆಡರಲ್ ಹೊಡೆದ. 2,647, 2,639, 2,655, 2,644. ಜಿಗಿತ ನಿಂತಿತು.

"ಈಗ ಟವೆಲ್ ತೆಗೆದು ಮತ್ತೆ ಹೊಡಿ."

"ಅಕ್ಕಾ, ಒಂದೊಂದು ತೋಟಾಗೆ ಒಂದು ಡಾಲರ್ ಮೇಲೆ ಬೀಳುತ್ತೆ!"

ಹೊಡೆಸಿದೆ. ಮೂರನೇದೇ 2,768. ಟವೆಲ್ ವಾಪಸ್ ಹಾಸಿದೆವು. ತೆಗೆದಾಗ ಕಾಯಿಲೆ ಮರಳಿ ಬರದಿದ್ದರೆ ಅದೇ ಔಷಧಿ ಅಂತ ನಾನು ಒಪ್ಪೋದಿಲ್ಲ. ದುಡ್ಡು ಅವನದು, ಹಾಗಾಗಿ ಧೈರ್ಯವಾಗಿ ಹೇಳಿದೆ.

ಆ ಎರರ್ ಮಾತ್ರ ಮತ್ತೆ ಬರಲೇ ಇಲ್ಲ. ಮೊದಲನೇ ನೆರಳು ಸಿಕ್ಕಿ ಎರಡನೇದು ಸಿಗದಿದ್ದರೆ ಎರರ್ ಬರುತ್ತೆ. ಅವತ್ತು ಹಳೇ ಬ್ಯಾಟರಿ ಕಾರಣವೋ, ಬೆಳಕೋ, ಬಿಡಿ.

ಒಳಾಂಗಣ ರೇಂಜಿನಲ್ಲಿ ಹೊಡೆಯುವವರಿಗೆ ಬಿಸಿಲಿನ ಗೋಳಿಲ್ಲ, ಟ್ಯೂಬ್‌ಲೈಟಿನ ಗೋಳಿದೆ. ಇಲ್ಲಿ ಕರೆಂಟ್ 60 ಹರ್ಟ್ಸ್, ಹಾಗಾಗಿ ಹಳೇ ತರದ ಟ್ಯೂಬ್‌ಲೈಟ್ ಸೆಕೆಂಡಿಗೆ 120 ಸಲ ಮಿಣುಕುತ್ತೆ. ನಮ್ಮ ಕಡೆಯಾದರೆ 100 ಸಲ. ಕಣ್ಣಿಗೆ ಕಾಣಲ್ಲ, ಸೆನ್ಸರ್‌ಗೆ ಕಾಣುತ್ತೆ. ಅದಕ್ಕೆ ಇನ್‌ಫ್ರಾರೆಡ್ ದೀಪದ ಕಿಟ್ ಸಿಗುತ್ತೆ.

ತನ್ನನ್ನು ತಾನೇ ನಂಬದ ಡಬ್ಬಿಯೂ ಒಂದಿದೆ. ನಮ್ಮ ಪಕ್ಕದ ಆಸ್ಟಿನ್‌ನ ಓಲರ್ ಕಂಪನಿಯ 35ಪಿ. ಅದರಲ್ಲಿ ಸೆನ್ಸರ್ ಮೂರು. ಒಂದೇ ಗುಂಡನ್ನು ಎರಡು ಸಲ ಅಳೆದು ಎರಡು ಉತ್ತರವನ್ನೂ ಕಾಗದದ ಮೇಲೆ ಪ್ರಿಂಟ್ ಮಾಡಿ ಕೊಡುತ್ತೆ. ಎರಡೂ ಹೊಂದದಿದ್ದರೆ ಆ ಗುಂಡಿನ ಲೆಕ್ಕ ಅನುಮಾನ. ನನ್ನ ಪ್ರಕಾರ ಬೆಳಕಿನ ಕ್ರೋನೋಗ್ರಾಫ್‌ಗಳಲ್ಲಿ ಮರ್ಯಾದಸ್ಥ ಅದೊಂದೇ.

ಗುಂಡಿನ ವೇಗವನ್ನು ಮೊದಲು ನೆಟ್ಟಗೆ ಅಳೆದವನು ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ, 1742ರಲ್ಲಿ ಅದರ ಬಗ್ಗೆ ಬರೆದ. ತೂಗುಹಾಕಿದ ಭಾರದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತು ಅಂತ ನೋಡಿ ಲೆಕ್ಕ ಹಾಕುತ್ತಿದ್ದ. ಅವನಿಗೂ ವೇಗ ನೇರವಾಗಿ ಕಾಣುತ್ತಿರಲಿಲ್ಲ, ದಿಮ್ಮಿ ಮಾತ್ರ ಕಾಣುತ್ತಿತ್ತು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ಕಡೆ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಸರಿ, ಡಬ್ಬಿ ರಿಪೇರಿ ಆಯಿತು. ಈಗ ಹುಡುಗನ ಸ್ವಂತ ತೋಟಾ. 2,646, 2,651, 2,638, 2,655, 2,609, 2,643.

"ಆ 2,609 ಬಿಟ್ಟುಬಿಡೋಣ ಅಲ್ವಾ? ಟವೆಲ್ ಸರಿದಿರಬೇಕು."

ಟವೆಲ್ ಸರಿದಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಒಂದು ರಿಸಲ್ಟ್ ತೆಗೆದುಹಾಕಬೇಕು ಅಂದರೆ ಕಾರಣ ಬರೆಯಬೇಕು. ನಂಬರ್ ಇಷ್ಟವಾಗಲಿಲ್ಲ ಅನ್ನೋದು ಕಾರಣ ಅಲ್ಲ. 1,148 ಹೊಡೆದುಹಾಕಬಹುದು, ಯಾಕೆಂದರೆ ಅದು ಸದ್ದು. 2,609ಕ್ಕೆ ಅಂಥ ಕಾರಣ ನನ್ನ ಹತ್ತಿರ ಇಲ್ಲ. ಹಾಗಾಗಿ ಅದು ತೋಟಾದ್ದೇ. ಮುಂಚೆ 1,148ರ ಗಲಾಟೆಯಲ್ಲಿ ಇಂಥ ಸಣ್ಣ ನಿಜದ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಸಂಜೆ ಅವನ ಗ್ಯಾರೇಜಿಗೆ ಹೋದೆ. ಸೆಕೆಗೆ ಟೇಬಲ್ ಫ್ಯಾನ್ ಹಾಕಿಕೊಂಡು ಕೂತಿದ್ದ. ಅದರ ಗಾಳಿ ಸೀದಾ ಡಿಜಿಟಲ್ ತಕ್ಕಡಿಗೆ. ಪರೀಕ್ಷೆಯ ತೂಕದ ಬಟ್ಟು ಇಟ್ಟರೆ ಕೊನೆಯ ಅಂಕಿ 0.2, 0.3 ಗ್ರೇನ್ ಆಚೀಚೆ ಕುಣಿಯುತ್ತಿತ್ತು. ಫ್ಯಾನ್ ಆರಿಸಿದ ಮೇಲೆ ತಣ್ಣಗಾಯಿತು. ಈ ಗಾತ್ರದ ತೋಟಾದಲ್ಲಿ ಒಂದು ಗ್ರೇನ್‌ಗೆ ವೇಗ ಸುಮಾರು 50, 60 ಅಡಿ ಬದಲಾಗುತ್ತೆ. 0.3 ಗ್ರೇನ್‌ನಿಂದ ಹದಿನೈದೋ ಇಪ್ಪತ್ತೋ ಅಡಿ ಬಂದೀತು. ಮಿಕ್ಕಿದ್ದು ಕೇಸಿನ ಕತ್ತಿನ ಬಿಗಿತವೋ, ಪ್ರೈಮರೋ. ಮಿಶ್ರ ಕೇಸ್ ಬಳಸಬೇಡ, ಒಂದೇ ಕಂಪನಿಯದ್ದು ಬೇರೆ ಮಾಡಿ ಇಟ್ಟುಕೋ ಅಂದೆ.

ಡಬ್ಬಿ ಹೇಳಿದ್ದು ನಿಜವೋ ಸುಳ್ಳೋ ಅಂತ ಕೇಳೋದಕ್ಕೆ ಇನ್ನೊಬ್ಬ ಸಾಕ್ಷಿ ಟಾರ್ಗೆಟ್. ಆದರೆ 100 ಗಜದಲ್ಲಿ ಅದು ಬಾಯಿ ಬಿಡಲ್ಲ. ವೇಗದಲ್ಲಿ 100 ಅಡಿ ವ್ಯತ್ಯಾಸ ಇದ್ದರೂ ಅಲ್ಲಿ ಏರಿಳಿತ ಕಾಲು ಇಂಚೂ ಇರಲ್ಲ. 300 ಗಜದಲ್ಲಿ ಸುಮಾರು ಎರಡು ಇಂಚು. 600ರಲ್ಲಿ ಒಂದು ಅಡಿಯ ಆಸುಪಾಸು. ಡಬ್ಬಿ 2,771 ಅಂದ ಗುಂಡು 300 ಗಜದಲ್ಲಿ ಉಳಿದವುಗಳ ಜೊತೆಯೇ ಬಿದ್ದಿದ್ದರೆ ಡಬ್ಬಿ ಸುಳ್ಳು ಹೇಳಿದೆ ಅಂತ ಆಗಲೇ ಗೊತ್ತಾಗುತ್ತೆ. ಒಂದೊಂದು ಗುಂಡು ಎಲ್ಲಿ ಬಿತ್ತು ಅಂತ ನಂಬರ್ ಪಕ್ಕದಲ್ಲೇ ಬರೆದುಕೊಂಡಿರಬೇಕು ಅಷ್ಟೆ.

ಇಷ್ಟೆಲ್ಲ ಪಾಡು ಯಾಕೆ, ರೇಡಾರ್ ತಗೊಳ್ಳಿ ಅಂತ ಹೇಳುವವರು ಇದ್ದಾರೆ. ಸರಿಯಾದ ಮಾತೇ. 2023ರಲ್ಲಿ ಗಾರ್ಮಿನ್‌ನವರ ಜೇಬಿನಲ್ಲಿ ಹಿಡಿಸುವ ರೇಡಾರ್, ಜೀರೋ ಸಿ1 ಪ್ರೋ, ಬಂದ ಮೇಲೆ ನಮ್ಮ ರೇಂಜಿನಲ್ಲಿ ಟ್ರೈಪಾಡ್ ಹಿಡಿದು ಓಡಾಡುವವರೇ ಕಮ್ಮಿ. ಬೆಂಚಿನ ಮೇಲಿಟ್ಟರೆ ಆಯಿತು. ಬಿಸಿಲು, ಜಲ್ಲಿ, ಟವೆಲ್ ಯಾವುದೂ ಲೆಕ್ಕಕ್ಕಿಲ್ಲ. ನಳಿಗೆಗೇ ಕಟ್ಟುವ ಮ್ಯಾಗ್ನೆಟೋಸ್ಪೀಡ್ ಅನ್ನುವ ಕ್ರೋನೋಗ್ರಾಫ್ ಕೂಡ ಬೆಳಕಿಗೆ ಹೆದರಲ್ಲ. ಆದರೆ ಅದರ ಭಾರಕ್ಕೆ ಗುಂಡು ಬೀಳುವ ಜಾಗ ಬದಲಾಗುತ್ತೆ, ಗುರಿ ಪರೀಕ್ಷೆಗೆ ಅದನ್ನು ಬಿಚ್ಚಿಡಬೇಕು. ಯಾವ ಯಂತ್ರ ಬಂದರೂ ನನ್ನ .22 ಮತ್ತು ಕಾರ್ಖಾನೆ ತೋಟಾದ ಡಬ್ಬಿ ಚೀಲದಲ್ಲಿ ಇದ್ದೇ ಇರುತ್ತೆ.

ಹುಡುಗ ಈಗ ರೇಡಾರ್ ಆರ್ಡರ್ ಮಾಡಿದ್ದಾನೆ. ಹಳೇ ಡಬ್ಬಿ ಮಾರಿಬಿಡ್ತೀನಿ ಅಂದ. ತಡಿ, ಒಂದು ಸಲ ಎರಡನ್ನೂ ಒಟ್ಟಿಗೆ ಇಟ್ಟು ಒಂದೇ ಗುಂಡನ್ನು ಅಳೆ ಅಂದಿದ್ದೇನೆ. ರೇಡಾರ್ ಕೊಡೋದು ನಳಿಗೆಯ ಬಾಯಲ್ಲಿನ ವೇಗ. ಡಬ್ಬಿ ಕೊಡೋದು 15 ಅಡಿ ಆಚೆಯದು. ಅಷ್ಟರಲ್ಲಿ ಈ ಗುಂಡು ಹತ್ತಡಿಯಷ್ಟು ವೇಗ ಕಳಕೊಂಡಿರುತ್ತೆ. ರೇಡಾರ್‌ನದ್ದು ಹತ್ತು ಜಾಸ್ತಿ ಬಂದರೆ ಎರಡೂ ಸರಿ ಇವೆ. ಎರಡೂ ಒಂದೇ ನಂಬರ್ ತೋರಿಸುತ್ತಾ ಹೋದರೆ ಖುಷಿ ಪಡಬೇಡ, ನನಗೆ ಫೋನ್ ಮಾಡು ಅಂದಿದ್ದೇನೆ.